ಬೆಡ್‌ಶೀಟಿನ ಮೇಲಿನ ಪಟ್ಟಣ

ಹೆಣ್ಣು ನೋಡಲು ಹೋದ ದಿನ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿರುವಾಗಲೇ ನಟರಾಜ ಚೈತ್ರಶ್ರೀಗೆ ಮಾತು ಕೊಟ್ಟಿದ್ದ: "ನಿಮ್ಮನ್ನ ಫಾರಿನ್‌ಗೆ ಕರ್ಕೊಂಡೋಗ್ತೀನಿ." ಮದುವೆಯಾಗಿ ಎರಡು ಮಕ್ಕಳಾದವು. ಕರೆದುಕೊಂಡು ಹೋಗಿದ್ದು ಹಾಸನದವರೆಗೆ, ಅದೂ ಹಲ್ಲು ಕೀಳಿಸಲು.

ಸಕಲೇಶಪುರದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ಅವನನ್ನು ಈಗ ವಿಯೆಟ್ನಾಂನ ಹನೋಯ್ ನಗರದ ಶಾಲೆಯೊಂದು ಕರೆದಿತ್ತು. ಸಂಸಾರಸಮೇತ ಬರಬಹುದು. ಮೊದಲು ಅಲ್ಲಿನ ಮಕ್ಕಳಿಗೆ ವಿಡಿಯೋದಲ್ಲಿ ಒಂದು ಪಾಠ ಮಾಡಿ ತೋರಿಸಬೇಕು. ಅವರಿದ್ದ ಹಳ್ಳಿ ಹೆಗ್ಗದ್ದೆಯಲ್ಲಿ ವಿಡಿಯೋಗೆ ಸಾಲುವಷ್ಟು ಸಿಗ್ನಲ್ ಸಿಗುವುದು ಪಕ್ಕದ ಮನೆ ವೀರಯ್ಯನವರ ಕಾಫಿ ಒಣಗಿಸುವ ಕಣದಲ್ಲಿ ಮಾತ್ರ.

"ಹಿಂದುಗಡೆ ಕಣ ಕಂಡ್ರೆ ಹಳ್ಳಿ ಗುಗ್ಗು ಅಂತಾರೆ ಕಣೆ," ಎಂದ. ಶಾಲೆ ಗೋಡೆಗಳಿಗೆ ಚಿತ್ರ ಬರೆಯುವ ಚೈತ್ರಶ್ರೀ ಡಬಲ್ ಬೆಡ್‌ಶೀಟಿನ ಮೇಲೆ ಎತ್ತರದ ಕಟ್ಟಡ, ಮೇಲ್ಸೇತುವೆ, ಮೆಟ್ರೋ ಬರೆದು ಎರಡು ಬಿದಿರು ಗಳುಗಳ ನಡುವೆ ಕಟ್ಟಿದಳು.

ಕಾಫಿ ಹಣ್ಣು ಹರಡುತ್ತಿದ್ದ ವೀರಯ್ಯ ನಿಂತು ನೋಡಿದರು. "ಪ್ಯಾಟೆ ಚೆನ್ನಾಗೈತೆ ಮೇಷ್ಟ್ರೇ. ಒಬ್ರೂ ಓಡಾಡ್ತಿಲ್ವಲ್ಲ, ಇವತ್ತೇನ್ ಬಂದ್ ಐತಾ?"

"ವೀರಯ್ಯಣ್ಣ, ಅರ್ಧ ಗಂಟೆ ಸುಮ್ನಿರಿ."

"ನಾನೇನ್ ಮಾತಾಡ್ದೆ ಮಾರಾಯ."

ಮೇಲೆ ಟೈ, ಕೆಳಗೆ ಪಂಚೆ ಉಟ್ಟ ನಟರಾಜ ಪಾಠ ಶುರುಮಾಡಿದ. ಮೊಬೈಲಿನೊಳಗಿನ ಮಕ್ಕಳು ಹಾಲು ಕುಡಿದ ಬೆಕ್ಕುಗಳಂತೆ ಆಕಳಿಸಿದವು.

ಆಗ ಮಳೆ ಹನಿಯಿತು.

ಕಣದಲ್ಲಿ ಕಾಫಿ ಇದ್ದಾಗ ಹನಿ ಬಿದ್ದರೆ ಮಾತುಬಿಟ್ಟವರೂ ಓಡಿಬರಬೇಕು; ಕೈಗೆ ಸಿಕ್ಕಿದ್ದನ್ನು ಹೊದಿಸಬೇಕು, ಯಾರದೆಂದು ಕೇಳುವಂತಿಲ್ಲ. ಅಲ್ಲಿನ ರೂಢಿ ಅದು. ವೀರಯ್ಯನವರ ಟಾರ್ಪಾಲು ಸಾಲಲಿಲ್ಲ. ಒಂದೇ ಏಟಿಗೆ ಇಡೀ ಪಟ್ಟಣವನ್ನು ಕಿತ್ತುಕೊಂಡರು.

"ಅಯ್ಯೋ, ನನ್ನ ಮೆಟ್ರೋ," ಎನ್ನುತ್ತಲೇ ಚೈತ್ರಶ್ರೀ ಹಣ್ಣು ಗುಡಿಸಿ ರಾಶಿಮಾಡಲು ಪೊರಕೆ ಹಿಡಿದು ಓಡಿದಳು.

"ಟೈ ನೆನೆದ್ರೆ ಒಣಗ್ತದೆ, ಕಾಫಿ ಒಣಗ್ತದಾ? ಹಿಡ್ಕೊಳ್ಳಿ ಆ ತುದಿಯ," ಎಂದರು ವೀರಯ್ಯ.

ನಟರಾಜ ಪಂಚೆ ಎತ್ತಿಕಟ್ಟಿದ. ಬಾಯಿ ಮಾತ್ರ ಪಾಠ ಬಿಡಲಿಲ್ಲ: "ಪುಲ್, ಲಿಫ್ಟ್, ಕವರ್." ಹಾಗೇ ಹಣ್ಣಿನ ಮೇಲೆ ಜಾರಿ ಮೇಲ್ಸೇತುವೆಯ ಮೇಲೆ ಅಂಗಾತ ಬಿದ್ದ. ಹನೋಯಿನ ಮಕ್ಕಳು ಬೆಂಚು ಹತ್ತಿ, "ಪುಲ್, ಲಿಫ್ಟ್, ಕವರ್," ಎಂದು ಕಿರುಚತೊಡಗಿದವು. ಕಾಲ್ ಕಟ್ಟಾಯಿತು.

"ಹೋಗ್ಬುಡ್ತು," ಎಂದ ನಟರಾಜ.

ಸಂಜೆ ಹನೋಯಿನ ಶಾಲೆಯಿಂದ ಫೋನು. ಕೆಲಸ ಸಿಕ್ಕಿತು. ಚೈತ್ರಶ್ರೀ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಧೂಳು ಒರೆಸಿಯೇ ಬಿಟ್ಟಳು. ಒರೆಸಿ ತಿರುಗಿದರೆ, ಗಂಡ ಫೋನು ಹಿಡಿದು ನೆನೆದ ಕೋಳಿಯಂತೆ ನಿಂತಿದ್ದ.

"ಅಲ್ಲಿಗೆ ಬರೋದು ಬೇಡ್ವಂತೆ ಕಣೆ. ಈ ಕಣದಿಂದಲೇ ದಿನಾ ಪಾಠ ಮಾಡ್ಬೇಕಂತೆ. ಮಕ್ಕಳಿಗೆ ಆ ಅಜ್ಜನೂ ಬೇಕಂತೆ, ಪೊರಕೆ ಟೀಚರೂ ಬೇಕಂತೆ."

ಮಾರನೆಯ ದಿನದಿಂದ ವೀರಯ್ಯ ಶೇವ್ ಮಾಡಿಕೊಂಡು ಕಣಕ್ಕೆ ಬರುತ್ತಾರೆ. ಫಾರಿನ್ನಿನವರು ದಿನಾ ಚೈತ್ರಶ್ರೀಯನ್ನು ನೋಡುತ್ತಾರೆ. ನಟರಾಜ ಅವಳನ್ನು ಫಾರಿನ್‌ಗೆ ಕರೆದುಕೊಂಡು ಹೋಗಲಿಲ್ಲ.