ಲೂಷಿಯಸನ ಮೂರು ಕೋಳಿ

ಲೂಷಿಯಸ್ ಟಗಲ್ ಮಾರ್ಚ್ ಮೂವತ್ತರ ಬೆಳಿಗ್ಗೆ ತೀರಿಕೊಂಡ. ಹೃದಯಾಘಾತ. ವಯಸ್ಸು ಅರವತ್ತಮೂರು. ಸ್ವಂತ ಮನೆಯಲ್ಲಿ ಇದ್ದದ್ದು ಐದು ತಿಂಗಳು.

ಜಾರ್ಜಿಯಾದ ಈ ಸಣ್ಣ ಊರಿನಲ್ಲಿ ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿ, ಬಾಡಿಗೆ ಮನೆಗಳಲ್ಲೇ ಸವೆದು, ಕೊನೆಗೆ ನಮ್ಮ ಪಕ್ಕದ ಎರಡು ಕೋಣೆಯ ಮನೆ ಕೊಂಡಿದ್ದ. ಅದರ ವರ್ಷದ ತೆರಿಗೆ ಎಷ್ಟಾಗುತ್ತದೆಂದು ಆಮೇಲೆ ತಿಳಿಯಿತು. ಪೂರ್ತಿ ಕಟ್ಟಬೇಕೆಂದರೆ ಅವನ ಪಿಂಚಣಿಯಲ್ಲಿ ಆ ಮನೆ ಉಳಿಯುವಂತಿರಲಿಲ್ಲ. ಮನೆ ತೆರಿಗೆ ಕಡಿಮೆ ಮಾಡುವ 'ಹೋಮ್‌ಸ್ಟೆಡ್ ವಿನಾಯಿತಿ' ಅಂತ ಒಂದಿದೆ, ಏಪ್ರಿಲ್ ಒಂದರೊಳಗೆ ಅರ್ಜಿ ಹಾಕು ಎಂದು ಯಾರೋ ಹೇಳಿದರಂತೆ. ನನ್ನ ಹತ್ತಿರ ಬಂದ. ನಾನು ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಪದಗಳ ವಿಷಯದಲ್ಲಿ ನಮ್ಮ ಬೀದಿಗೆ ನಾನೇ ಸುಪ್ರೀಂ ಕೋರ್ಟು.

ನಿಘಂಟು ತೆಗೆದೆ. "ಹೋಮ್‌ಸ್ಟೆಡ್ ಅಂದ್ರೆ ಮನೆ, ಕೊಟ್ಟಿಗೆ, ಹೊಲ ಎಲ್ಲಾ ಸೇರಿದ್ದು ಕಣೋ. ಇದು ರೈತರಿಗೆ. ನಿನ್ನ ಹತ್ರ ಒಂದು ಕೋಳೀನೂ ಇಲ್ಲ."

"ಕೋಳಿ ಇದ್ರೆ ಕೊಡ್ತಾರಾ, ಮೇಷ್ಟ್ರೇ?"

"ವಾದ ಮಾಡಬಹುದು."

ಅಡುಗೆಮನೆಯಿಂದ ನನ್ನ ಹೆಂಡತಿ ನೇಡೀನ್, "ಆಫೀಸಿಗೊಂದು ಫೋನ್ ಮಾಡಿ ಕೇಳಬಾರ್ದೇನ್ರೀ?" ಎಂದಳು.

"ನಿಘಂಟಿಗಿಂತ ಆಫೀಸು ದೊಡ್ಡದೇನೇ?" ಎಂದೆ. (ಈ ಮಾತನ್ನು ಅವಳೀಗ ದಿನಕ್ಕೆರಡು ಸಲ ನನಗೆ ವಾಪಸು ಕೊಡುತ್ತಾಳೆ.)

ಶನಿವಾರದ ಹೊತ್ತಿಗೆ ಅವನ ಹಿತ್ತಲಲ್ಲಿ ಮೂರು ಕೋಳಿ. ಮೊಟ್ಟೆ ಇಡದೆ ದಿನವಿಡೀ ಕೂಗುತ್ತಿದ್ದ ಒಂದಕ್ಕೆ 'ಮೇಷ್ಟ್ರು' ಎಂದು ಹೆಸರಿಟ್ಟ.

ತೆರಿಗೆ ಕಚೇರಿಗೆ ನಾನೂ ಜೊತೆಗೆ ಹೋದೆ. ಅಲ್ಲಿ ಅವನು ಕೋಳಿಗಳ ಫೋಟೊ ಸಾಲಾಗಿ ಇಟ್ಟಾಗ ಗುಮಾಸ್ತೆ ಕನ್ನಡಕ ತೆಗೆದು ನೋಡಿದಳು. "ಕೋಳಿ ಯಾಕೆ ಸರ್? ಆ ಮನೇಲಿ ನೀವೇ ವಾಸ ಇದೀರಲ್ವಾ? ಅಷ್ಟೇ ಬೇಕಾಗಿರೋದು. ಡ್ರೈವಿಂಗ್ ಲೈಸೆನ್ಸಲ್ಲಿ ಹೊಸ ವಿಳಾಸ ಇದೆ ತಾನೇ?"

ಇತ್ತು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಆಮೇಲೆ ಅವಳು ನನ್ನತ್ತ ತಿರುಗಿ, "ನಿಮ್ದು ಯಾವಾಗ್ಲೋ ಆಗಿರ್ಬೇಕು, ಅಲ್ವಾ ಸರ್?" ಎಂದಳು.

ನಾನು ಮನೆ ಕೊಂಡು ಇಪ್ಪತ್ತೆರಡು ವರ್ಷ. ಇದು ರೈತರಿಗೆ ಎಂದು ಅರ್ಜಿಯನ್ನೇ ಹಾಕದೆ ಪೂರ್ತಿ ತೆರಿಗೆ ಕಟ್ಟುತ್ತಾ ಬಂದಿದ್ದೇನೆಂದು ಅವರಿಬ್ಬರೆದುರು ಒಪ್ಪಿಕೊಳ್ಳಬೇಕಾಯಿತು.

ಲೂಷಿಯಸ್ ಅಲ್ಲಿ ನಗಲಿಲ್ಲ. ಹೊರಗೆ ಬಂದು, ಕಾರಿನ ಬಾನೆಟ್ ಹಿಡಿದುಕೊಂಡು ನಕ್ಕ. "ಒಂದು ಕೋಳಿ ಸಾಕಿದ್ರೂ ಅರ್ಜಿ ಹಾಕಿರ್ತಿದ್ದೆಯಲ್ಲೋ ಮಾರಾಯ!"

"ನೇಡೀನ್‌ಗೆ ಹೇಳಬೇಡ."

"ಹೇಳಲ್ಲ. ಈಗಲಾದ್ರೂ ಹಾಕು."

"ಹಾಕಿದ್ರೆ ಇಷ್ಟು ವರ್ಷ ಹಾಕಿಲ್ಲ ಅಂತ ಅವಳಿಗೆ ಗೊತ್ತಾಗುತ್ತೆ."

"ನಿನ್ನ ಹಟಕ್ಕೂ ತೆರಿಗೆ ಹಾಕ್ಬೇಕು, ಮೇಷ್ಟ್ರೇ," ಎಂದ.

ಮೂವತ್ತನೇ ತಾರೀಕು ಬೆಳಿಗ್ಗೆ ನಮ್ಮ ಮೆಟ್ಟಿಲ ಮೇಲೆ ಮೊಟ್ಟೆಯ ಡಬ್ಬಿ ಇತ್ತು. ಥ್ಯಾಂಕ್ಸ್ ಹೇಳಲು ಹೋದರೆ ಅವನು ತನ್ನ ಜಗಲಿಯ ಕುರ್ಚಿಯಲ್ಲಿದ್ದ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು. ಆಗಲೇ ಹೋಗಿಬಿಟ್ಟಿದ್ದ.

ಡಬ್ಬಿಯ ಕೆಳಗೆ ಮಡಿಸಿಟ್ಟಿದ್ದ ಕಾಗದ ಸಂಜೆ ನೇಡೀನ್‌ಗೆ ಸಿಕ್ಕಿತು. ಅರ್ಜಿ. ನನ್ನ ಹೆಸರು, ನನ್ನ ವಿಳಾಸ, ಎಲ್ಲವನ್ನೂ ತನ್ನ ದಪ್ಪ ಅಕ್ಷರದಲ್ಲಿ ತುಂಬಿದ್ದ. ಸಹಿ ಮಾತ್ರ ಬಾಕಿ. ಆ ಗೆರೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಕೋಳಿ ಬಿಡಿಸಿದ್ದ, ಅದರ ಕೊಕ್ಕು ನಾನು ಸಹಿ ಹಾಕಬೇಕಾದ ಜಾಗವನ್ನು ತೋರಿಸುವ ಹಾಗೆ.