ಭಾವನ ಆಂಪ್ಲಿಫೈಯರಿಗೆ ನಾನು ಅಂಟಿಸಿದ ಚೀಟಿ

"ಈ ಆಂಪ್ಲಿಫೈಯರನ್ನು ಸಭಾಂಗಣದ ಸೌಂಡ್ ಸಿಸ್ಟಂಗೆ ಜೋಡಿಸುವವನು ನಾನೇ! ಬೇರೆ ಯಾರೂ ಇದರ ಒಂದು ವೈರನ್ನೂ ಮುಟ್ಟಕೂಡದು!" ಎಂದು ನಾನು ಘೋಷಿಸಿದಾಗ ಮನೆಯಲ್ಲಿ ಇದ್ದವರು ಇಬ್ಬರೇ: ನಾನು ಮತ್ತು ನನ್ನ ಹೆಂಡತಿ. ಚಪ್ಪಾಳೆ ಬೀಳಲಿಲ್ಲ.

"ಜೋಡಿಸ್ಬೇಡಿ ಅಂತ ನಾನು ಹೇಳ್ತಾ ಇಲ್ಲ. ಹತ್ರ ಹೋಗ್ಬೇಡಿ ಅಂತಿದೀನಿ, ಅಷ್ಟೆ," ಎಂದಳು.

"ಮೂವತ್ನಾಲ್ಕು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು ನಾನು! ವಿದ್ಯುತ್ತು ನನ್ನನ್ನ ಕಂಡ್ರೆ ಎದ್ದು ನಿಂತು ನಮಸ್ಕಾರ ಮಾಡುತ್ತೆ!"

"ಹೌದೌದು. ಬಚ್ಚಲಮನೆ ನಲ್ಲಿಗಳೂ ಮಾಡಿದ್ವು."

ಈ ನಲ್ಲಿಗಳ ವಿಷಯವನ್ನು ಅವಳು ಎಲ್ಲಿಗೆ ಬೇಕಾದರೂ ತರಬಲ್ಲಳು. ನಾಲ್ಕು ವರ್ಷದ ಹಿಂದೆ ಬಚ್ಚಲಿಗೆ ಹೊಸ ನಲ್ಲಿ ಹಾಕಿಸಿದೆವು. ನಲ್ಲಿಯವನು "ಎಡಗಡೆದು ಬಿಸಿ ಸಾರ್, ಬಲಗಡೆದು ತಣ್ಣಗೆ" ಎಂದು ಹೇಳಿ ಹೋದ. ನಾನು ದುಂಡಗಿನ ಅಕ್ಷರದಲ್ಲಿ 'ಬಿಸಿ', 'ತಣ್ಣಗೆ' ಎಂದು ಬರೆದು ಅಂಟಿಸಿದೆ. ಅಂದಿನಿಂದ ನಮ್ಮ ಮನೆಯಲ್ಲಿ 'ಬಿಸಿ' ತಿರುಗಿಸಿದರೆ ತಣ್ಣೀರು ಬರುತ್ತದೆ. ನಲ್ಲಿಯವನು ಕೊಳವೆಗಳನ್ನು ಅದಲುಬದಲು ಮಾಡಿದ್ದಾನೆ ಎಂಬುದು ನನ್ನ ವಾದ. ಚೀಟಿ ತೆಗೆಯಲು ನಾನು ಒಪ್ಪಿಲ್ಲ. ತತ್ತ್ವದ ಪ್ರಶ್ನೆ!

ಇನ್ನು ಆ ಆಂಪ್ಲಿಫೈಯರು. ಅದು ನನ್ನ ಹೆಂಡತಿಯ ಅಣ್ಣನದು, ಅಂದರೆ ನಮ್ಮ ಭಾವನದು. ಪ್ರಾಯದಲ್ಲಿ ಭಾವ ಒಂದು ವಾದ್ಯತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದರು. ಅವರ ಆಂಪಿನೊಳಗೆ ಈಗಿನ ಕಾಲದ ಚಿಲ್ಲರೆ ಚಿಪ್ಪುಗಳಿಲ್ಲ. ಗಾಜಿನ ವಾಲ್ವುಗಳು, ಸಾಲಾಗಿ ನಾಲ್ಕು! ಕಾದರೆ ಕೆಂಡದ ಬಣ್ಣಕ್ಕೆ ತಿರುಗುತ್ತವೆ. ಭಾರವೋ, ಇಬ್ಬರು ಎತ್ತಿದರೆ ಮೂವರಿಗೆ ಸೊಂಟ ಹಿಡಿಯುತ್ತದೆ. ಭಾವ ಸಣ್ಣ ಮನೆಗೆ ಹೋಗುವಾಗ ಅದನ್ನೂ, ಅದರ ಸ್ಪೀಕರ್ ಪೆಟ್ಟಿಗೆಯನ್ನೂ ತಂಗಿಯ ವಶಕ್ಕೆ ಕೊಟ್ಟರು. ಇಪ್ಪತ್ತು ವರ್ಷ ಅದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಕೂತಿತ್ತು.

ಈಗ ಭಾವನಿಗೆ ಎಪ್ಪತ್ತೈದು. ಬೆರಳುಗಳು ಗಂಟುಗಟ್ಟುತ್ತಿವೆ; ಮುಂದಿನ ವರ್ಷಕ್ಕೆ ಮಡಚಲೂ ಬರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹಳೆಯ ತಂಡದವರೆಲ್ಲ ಸೇರಿ, ನಾನು ಪಾಠ ಮಾಡುತ್ತಿದ್ದ ಶಾಲೆಯ ಪಕ್ಕದ ಸಭಾಂಗಣದಲ್ಲಿ ಒಂದು ಮಧ್ಯಾಹ್ನದ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಭಾವ ಫೋನಿನಲ್ಲಿ ತಂಗಿಗೆ ಹೇಳಿದ್ದು ಒಂದೇ ಮಾತು: "ಆ ಶಬ್ದ ಇನ್ನೊಂದ್ಸಲ ಎದೆಗೆ ಬಡೀಬೇಕು ಕಣೇ. ಆಮೇಲೆ ಗಿಟಾರ್ ಗೋಡೆಗೆ ನೇತುಹಾಕ್ತೀನಿ."

ಫೋನನ್ನು ನಾನು ಕಸಿದುಕೊಂಡೆ. "ಹೇಳಿ ಭಾವ, ಹೇಗೆ ಜೋಡಿಸ್ಬೇಕು?"

"ಮೇಷ್ಟ್ರೇ, ಅದರ ಬೆನ್ನಲ್ಲಿ ಎರಡು ತೂತು ಇದೆ. ಅಕ್ಷರ ಅಳಿಸಿಹೋಗಿದೆ. ಹಿಂದೆ ನಿಂತು ನೋಡಿದ್ರೆ ಎಡಗಡೆದು ಅದರ ಸ್ಪೀಕರಿಗೆ. ಬಲಗಡೆದು ಹೊರಗಿನ ಮಿಕ್ಸರಿಗೆ. ಅದಲುಬದಲಾದ್ರೆ ಮಿಕ್ಸರೂ ಸುಡುತ್ತೆ, ಆಂಪೂ ಸುಡುತ್ತೆ. ಸ್ಪೀಕರ್ ಇಲ್ದೆ ಅದನ್ನ ಆನ್ ಮಾಡೋದೂ ಒಂದೇ, ಬೆಂಕಿ ಇಡೋದೂ ಒಂದೇ!"

ಮಿಕ್ಸರ್ ಎಂದರೆ ಅಡುಗೆಮನೆಯದಲ್ಲ. ಎಲ್ಲ ವಾದ್ಯಗಳ ಶಬ್ದ ಬಂದು ಸೇರುವ, ಮೈತುಂಬ ಗುಂಡಿಗಳಿರುವ ಮೇಜು. ಇಷ್ಟು ಗೊತ್ತಾದ ಮೇಲೆ ವಿಜ್ಞಾನದ ಮೇಷ್ಟರಿಗೆ ಇನ್ನೇನು ಬೇಕು? ಆಂಪಿನ ಬೆನ್ನನ್ನು ನನ್ನ ಕಡೆಗೆ ತಿರುಗಿಸಿದೆ. ಆ ಎರಡು ತೂತುಗಳು ಮೊದಲ ಬೆಂಚಿನ ಇಬ್ಬರು ವಿಧೇಯ ಮಕ್ಕಳಂತೆ ನನ್ನನ್ನೇ ನೋಡಿದವು. 'ಸ್ಪೀಕರ್', 'ಮಿಕ್ಸರ್' ಎಂದು ಎರಡು ಚೀಟಿ ಬರೆದು, ಅಂಚು ಕತ್ತರಿಸಿ, ಗೋಂದು ಹಚ್ಚಿ ಅಂಟಿಸಿದೆ. ಕೆಳಗೆ ಸಹಿ ಹಾಕುವುದೊಂದೇ ಬಾಕಿ!

"ಸರಿಯಾಗಿ ನೋಡಿ ಅಂಟಿಸಿದ್ರಾ?" ಹೆಂಡತಿ ಕೇಳಿದಳು. ದನಿಯಲ್ಲಿ ತಮಾಷೆ ಇರಲಿಲ್ಲ. "ಅಣ್ಣ ನುಡಿಸೋದು ಇದೊಂದೇ ಸಲ, ರೀ."

"ನನ್ನ ಕೈಬರಹದಲ್ಲಿ ತಪ್ಪು ಹುಡುಕಿದವರು ಇನ್ನೂ ಹುಟ್ಟಿಲ್ಲ!"

ಸಭಾಂಗಣದಲ್ಲಿ ನಮ್ಮನ್ನು ಎದುರುಗೊಂಡವಳು ಸೌಂಡಿನವಳು. ಐವತ್ತರ ಆಸುಪಾಸು, ಕೊರಳಲ್ಲಿ ಟಾರ್ಚು, ಬಲ ಮುಂಗೈಯಲ್ಲಿ ಬಳೆಗಳಂತೆ ಮೂರು ಟೇಪಿನ ಸುರುಳಿ. ಆಂಪನ್ನು ಕಂಡು ಅವಳ ಮುಖ ಅರಳಿತು. ನನ್ನನ್ನು ಕಂಡು ಇನ್ನೂ ಅರಳಿತು. ಏಕೆಂದು ಆಗ ತಿಳಿಯಲಿಲ್ಲ.

"ಸಾರ್, ಇದಕ್ಕೆ ನೇರ ವೈರ್ ಬೇಡ. ಸ್ಪೀಕರ್ ಮುಂದೆ ಒಂದು ಮೈಕ್ ಇಟ್ಬಿಡ್ತೀನಿ, ಮುಗೀತು."

"ಮೈಕೇ? ಪಕ್ಕದ ಡ್ರಮ್ಮಿನ ಗದ್ದಲವೆಲ್ಲ ಅದರೊಳಗೆ ನುಗ್ಗೋಲ್ವೇ? ಶುದ್ಧವಾದ ಶಬ್ದ ಬೇಕಾದ್ರೆ ವೈರೇ ಸರಿ!"

"ಹಾಗಾದ್ರೆ ಮಧ್ಯೆ ಈ ಸಣ್ಣ ಪೆಟ್ಟಿಗೆಯಾದ್ರೂ ಇರ್ಲಿ ಸಾರ್. ನಮ್ಮ ಮಿಕ್ಸರಿಗೆ ರಕ್ಷಣೆ."

"ನಾನಿರುವಾಗ ರಕ್ಷಣೆ ಯಾಕಮ್ಮ?"

ಅವಳು ಪೆಟ್ಟಿಗೆಯನ್ನು ಬದಿಗಿಟ್ಟಳು. ಆಂಪಿನ ಹಿಂದೆ ಹೋಗಿ ಟಾರ್ಚು ಬಿಟ್ಟು ನನ್ನ ಚೀಟಿಗಳನ್ನು ಓದಿದಳು. ಒಂದು ಕ್ಷಣ ನಿಂತಳು. ಆಮೇಲೆ ಸಭಾಂಗಣದ ಹಿಂದಿನ ತುದಿಯಲ್ಲಿದ್ದ ಮಿಕ್ಸರಿನ ಬಳಿ ಹೋಗಿ ಏನೋ ಮಾಡಿ, "ಗಾಡಿಯಿಂದ ಮೈಕಿನ ಸ್ಟ್ಯಾಂಡ್ ತರ್ತೀನಿ. ನಾನು ಬರೋವರೆಗೆ ಸ್ವಿಚ್ ಮುಟ್ಬೇಡಿ ಸಾರ್, ದಯವಿಟ್ಟು," ಎಂದು ಹೊರಗೆ ಹೋದಳು.

ಮುಟ್ಟಬೇಡಿ! ಯಾರಿಗೆ? ನನಗೆ!

ಸ್ಪೀಕರಿನ ವೈರನ್ನು 'ಸ್ಪೀಕರ್' ಚೀಟಿಯ ತೂತಿಗೂ, ಮಿಕ್ಸರಿಗೆ ಹೋಗುವ ವೈರನ್ನು 'ಮಿಕ್ಸರ್' ಚೀಟಿಯ ತೂತಿಗೂ ಚುಚ್ಚಿದೆ. ಮೊದಲ ಸ್ವಿಚ್ ಒತ್ತಿದೆ. ವಾಲ್ವುಗಳು ಮೆಲ್ಲಗೆ ಕೆಂಪೇರಿದವು, ಒಂದು, ಎರಡು, ಮೂರು, ನಾಲ್ಕು. ಆಹಾ! ಎರಡು ನಿಮಿಷ ಕಾಯಬೇಕೆಂದು ಭಾವ ಹೇಳಿದ್ದರು. ಗಡಿಯಾರ ನೋಡಿ ಮೂರು ನಿಮಿಷ ಕಾದೆ. ನನ್ನ ಶಿಸ್ತಿನ ಬಗ್ಗೆ ಯಾರೂ ಮಾತಾಡುವಂತಿಲ್ಲ! ಎರಡನೆಯ ಸ್ವಿಚ್ಚನ್ನೂ ಒತ್ತಿ, ಭಾವ ಮೊದಲೇ ಕಳಿಸಿದ್ದ ಗಿಟಾರನ್ನು ಆಂಪಿಗೆ ಸಿಕ್ಕಿಸಿ ಅದರ ದಪ್ಪ ತಂತಿಯನ್ನು ಮೀಟಿದೆ.

ಸ್ಪೀಕರ್ ಪೆಟ್ಟಿಗೆಯಿಂದ ಸೊಳ್ಳೆಯೊಂದು ಕೆಮ್ಮಿದಂತಾಯಿತು.

"ಇಷ್ಟೇನಾ?" ಎಂದಳು ಹೆಂಡತಿ.

"ಇಪ್ಪತ್ತು ವರ್ಷದ ನಿದ್ದೆ. ಎಬ್ಬಿಸ್ಬೇಕು!" ಎಂದು ಗುಂಡಿಯನ್ನು ಮೂರಕ್ಕೆ ತಿರುಗಿಸಿದೆ. ಸೊಳ್ಳೆ. ಐದಕ್ಕೆ ತಿರುಗಿಸಿದೆ. ಎರಡು ಸೊಳ್ಳೆ. ಒಂಬತ್ತಕ್ಕೆ!

"ರೀ, ಏನೋ ಸುಡ್ತಿದೆ."

"ಹಳೇ ಧೂಳು."

"ಧೂಳಿಗೆ ಈ ವಾಸನೆ ಇರಲ್ಲ. ಆರಿಸಿ ಮೊದ್ಲು!"

"ಹೆದರ್ಬೇಡ, ನಾನಿದ್ದೀನಿ..."

ಫಟ್!

ನಾಲ್ಕೂ ವಾಲ್ವುಗಳು ಕಣ್ಣು ಮುಚ್ಚಿದವು. ಅದೇ ಗಳಿಗೆಗೆ ಸಭಾಂಗಣದ ಬಾಗಿಲಲ್ಲಿ ಭಾವ ಕಾಣಿಸಿಕೊಂಡರು, ಇಸ್ತ್ರಿ ಮಾಡಿದ ಕೋಟು, ಎಣ್ಣೆ ಹಚ್ಚಿ ಬಾಚಿದ ತಲೆ, ಮದುವೆಗಂಡಿನ ನಗು. ವಾಸನೆ ಮೂಗಿಗೆ ಬಡಿದಿರಬೇಕು. ನಗು ಅಲ್ಲಿಯೇ ನಿಂತಿತು.

ಭಾವ ಕಷ್ಟಪಟ್ಟು ಮಂಡಿಯೂರಿ ಆಂಪಿನ ಬೆನ್ನನ್ನು ನೋಡಿದರು.

"ಈ ಚೀಟಿ ಯಾರು ಅಂಟಿಸಿದ್ದು?"

"ನಾನೇ!" ಎಂದೆ ಎದೆಯುಬ್ಬಿಸಿ. "ನೀವು ಹೇಳಿದ ಹಾಗೇ. ಎಡಗಡೆ ಸ್ಪೀಕರ್!"

"ಎಡಗಡೆ ಯಾವುದು ಮೇಷ್ಟ್ರೇ?"

"ಇದೇನು ಪ್ರಶ್ನೆ? ಇದು!" ಎಂದು ಕೈಯೆತ್ತಿ ತೋರಿಸಿದೆ.

ಹೆಂಡತಿ ನನ್ನ ಮುಖ ನೋಡಿದಳು. ಕೈ ನೋಡಿದಳು. "ಅಣ್ಣಾ," ಎಂದಳು ಮೆಲ್ಲಗೆ, "ಅದು ಬಲಗೈ. ಇವ್ರು ವಿಜ್ಞಾನದ ಜತೆ ಬೆಳಿಗ್ಗೆ ಡ್ರಿಲ್ಲೂ ಮಾಡಿಸ್ತಿದ್ರಲ್ಲ!"

ವಿವರಿಸಲೇಬೇಕು. ಡ್ರಿಲ್ ಮಾಡಿಸುವವನು ಮಕ್ಕಳಿಗೆ ಎದುರಾಗಿ ನಿಲ್ಲುತ್ತಾನೆ. ಮಕ್ಕಳು ಕನ್ನಡಿಯಲ್ಲಿ ನೋಡುವಂತೆ ಅವನನ್ನು ನೋಡುತ್ತವೆ. ಆದ್ದರಿಂದ "ಎಡಗೈ ಮೇಲೆ!" ಎಂದು ಕೂಗಿ ಅವನು ತನ್ನ ಬಲಗೈ ಎತ್ತಬೇಕು. ಮೂವತ್ನಾಲ್ಕು ವರ್ಷ, ದಿನವೂ ಬೆಳಿಗ್ಗೆ, ನಾನು ಹಾಗೆಯೇ ಎತ್ತಿದ್ದೇನೆ. ನನ್ನ ಎದುರಿಗೆ ನಿಂತದ್ದು ಮಗುವಾಗಲಿ, ನಲ್ಲಿಯಾಗಲಿ, ಆಂಪಾಗಲಿ, ಅದರ ಎಡ ನನ್ನ ಬಲವೇ!

"ತಪ್ಪು ನನ್ನದಲ್ಲ," ಎಂದೆ. "ಅದು ಬೋಧನಾ ಕ್ರಮ!"

ಹೆಂಡತಿ ಸೆರಗಿನಿಂದ ಆಂಪಿನ ನೆತ್ತಿಯ ಧೂಳನ್ನು ಒರೆಸುತ್ತಿದ್ದಳು. ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು. ನನ್ನ ಎದೆ ತಾನಾಗಿಯೇ ಇಳಿಯಿತು.

ಭಾವ ಆಂಪಿನ ಹಿಂದಿನ ಮುಚ್ಚಳ ಬಿಚ್ಚಿದರು. ಒಳಗೋಡೆಗೆ ಅಂಟಿಸಿದ್ದ ಒಂದು ಕಾಗದದ ಪೊಟ್ಟಣವನ್ನು ಕಿತ್ತರು. ಅದರೊಳಗೆ ಒಂದು ಹೊಸ ಫ್ಯೂಸು!

"ಇದನ್ನ ಯಾವಾಗ ಇಟ್ಟೆ ಅಣ್ಣ?"

"ನಿಮ್ಮನೆಗೆ ಕಳಿಸೋ ದಿನವೇ. ನಿನ್ನ ಗಂಡ ವಿಜ್ಞಾನದ ಮೇಷ್ಟ್ರಲ್ವಾ? ಒಂದಲ್ಲ ಒಂದು ದಿನ ಪ್ರಯೋಗ ಮಾಡ್ತಾರೆ ಅಂತ ಗೊತ್ತಿತ್ತು."

ಸ್ಟ್ಯಾಂಡ್ ಹಿಡಿದು ಬಂದ ಸೌಂಡಿನವಳು ಸ್ಪೀಕರಿನ ವೈರನ್ನು ಸರಿಯಾದ ತೂತಿಗೆ ಚುಚ್ಚಿ, ಸ್ಪೀಕರ್ ಮುಂದೆ ಮೈಕ್ ನಿಲ್ಲಿಸಿದಳು. ಭಾವ ಫ್ಯೂಸ್ ಹಾಕಿ ಸ್ವಿಚ್ ಒತ್ತಿದರು. ವಾಲ್ವುಗಳು ಕಪ್ಪಗೇ ಇದ್ದವು. ಹೆಂಡತಿಯ ಕೈ ನನ್ನ ತೋಳನ್ನು ಹಿಡಿಯಿತು, ಉಗುರು ನಾಟಿತು. ಮೊದಲನೆಯದು ಕೆಂಪಾಯಿತು. ಎರಡನೆಯದು. ಮೂರನೆಯದು. ನಾಲ್ಕನೆಯದು ನನ್ನ ಆಯುಸ್ಸಿನ ಎರಡು ವರ್ಷ ನುಂಗಿ, ಆಮೇಲೆ ಹೊತ್ತಿತು!

ಕಾರ್ಯಕ್ರಮದ ಬಗ್ಗೆ ನಾನು ಏನು ಹೇಳಲಿ? ಭಾವ ನುಡಿಸಿದ್ದು ಎರಡೇ ಹಾಡು. ಮೊದಲ ಸ್ವರಕ್ಕೆ ಕುರ್ಚಿಗಳು ನಡುಗಿದವು. ಮೈಕು ಡ್ರಮ್ಮಿನ ಗದ್ದಲವನ್ನೇನೂ ನುಂಗಲಿಲ್ಲ. ಅದನ್ನು ನಾನು ಗಮನಿಸಲಿಲ್ಲವೆಂದು ದಯವಿಟ್ಟು ಬರೆದುಕೊಳ್ಳಿ. ನನ್ನ ಹೆಂಡತಿ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು ಕೂತಿದ್ದಳು, ಆ ಶಬ್ದ ಎಲ್ಲಿ ಬಡಿಯುತ್ತದೆಯೆಂದು ಮುಟ್ಟಿ ನೋಡುವವಳಂತೆ.

ಚಪ್ಪಾಳೆ ನಿಂತ ಮೇಲೆ ಭಾವ ಮೈಕಿನಲ್ಲಿ ಹೇಳಿದರು: "ಈ ಆಂಪನ್ನ ಇಪ್ಪತ್ತು ವರ್ಷ ಕಾಪಾಡಿದವರು, ಇವತ್ತು ಸ್ವಲ್ಪದರಲ್ಲಿ ಕಳೀತಿದ್ದವರು, ನಮ್ಮ ಮೇಷ್ಟ್ರು. ಎದ್ದು ಜನರ ಕಡೆ ತಿರುಗಿ, ಬಲಗೈ ಎತ್ತಿ ಮೇಷ್ಟ್ರೇ. ಎಲ್ಲರೂ ನೋಡ್ಲಿ!"

ಕುಹಕ! ಬಿಟ್ಟೇನೆಯೇ? ಎದ್ದೆ. ತಿರುಗಿದೆ. ಯಾವುದು ಬಲ ಎಂದು ಎರಡು ಬಾರಿ ಯೋಚಿಸಿ, ಧೀರನಾಗಿ ಕೈಯೆತ್ತಿದೆ.

ಎಡಗೈ.

ಸಭೆಯಲ್ಲಿ ಯಾರೂ ನಗಲಿಲ್ಲ. ಬದಲಿಗೆ ಕುರ್ಚಿಗಳು ಸದ್ದು ಮಾಡಿದವು. ಅಲ್ಲೊಬ್ಬರು, ಇಲ್ಲೊಬ್ಬರು, ಬೊಜ್ಜಿನವರು, ಬೋಳುತಲೆಯವರು, ಕನ್ನಡಕದವರು, ನಲವತ್ತು ಜನ ಎದ್ದು ನೆಟ್ಟಗೆ ನಿಂತು ಕೈಯೆತ್ತಿದರು. ಎಲ್ಲರದೂ ಬಲಗೈ! ಒಂದೂ ತಪ್ಪಿಲ್ಲ!

"ನೋಡಿದ್ಯಾ!" ಎಂದೆ ಹೆಂಡತಿಗೆ. "ನನ್ನ ಶಿಷ್ಯರು! ಇದಕ್ಕೇನಂತೀಯ?"

"ಬೇಗ ಕೈ ಇಳಿಸಿ ಅಂತೀನಿ. ನೀವು ಇಳಿಸೋವರೆಗೂ ಪಾಪ ಅವರ್ಯಾರೂ ಇಳಿಸೋಲ್ಲ."

ಇಳಿಸುವ ಮುನ್ನ ನೋಡಿದೆ: ಹಿಂದಿನ ತುದಿಯಲ್ಲಿ, ಮಿಕ್ಸರಿನ ಪಕ್ಕ, ಟೇಪಿನ ಸುರುಳಿ ತೊಟ್ಟ ಬಲಗೈಯೊಂದೂ ನೆಟ್ಟಗೆ ಮೇಲಿತ್ತು!

ಹೊರಡುವಾಗ ಕೇಳಿದೆ. "ನೀನೂ?"

"ಮೂರನೇ ಸಾಲು ಸಾರ್, ಕೊನೇಲಿ ನಿಲ್ತಿದ್ದೆ," ಎಂದಳು ಸೌಂಡಿನವಳು. "ಚೀಟಿಲಿ ನಿಮ್ಮ ಅಕ್ಷರ ನೋಡಿದ ಕೂಡ್ಲೇ ನಮ್ಮ ಮಿಕ್ಸರಿನ ವೈರ್ ಕಿತ್ತು ಪಕ್ಕಕ್ಕಿಟ್ಟೆ. ಆಂಪಿನ ಚೀಟಿಗಳನ್ನೂ ಕೀಳೋಣ ಅನ್ನಿಸ್ತು. ಆದ್ರೆ ನಿಮ್ಮೆದುರಿಗೆ ನಿಮ್ಮನ್ನ ತಿದ್ದೋಕೆ ಇವತ್ತಿಗೂ ಧೈರ್ಯ ಬರಲಿಲ್ಲ ಸಾರ್."

ನಾನು ಸೋಲುವವನಲ್ಲ. ಮನೆಗೆ ಬಂದವನೇ ನೆಟ್ಟಗೆ ಬಚ್ಚಲಮನೆಗೆ ಹೋಗಿ, ನನ್ನ ಕೈಬರಹದ 'ಬಿಸಿ' ನಲ್ಲಿಯನ್ನು ಪೂರ್ತಿ ತಿರುಗಿಸಿ, ಗಡಗಡ ನಡುಗುತ್ತ ತಣ್ಣೀರಿನಲ್ಲಿಯೇ ಸ್ನಾನ ಮಾಡಿದೆ. ಚೀಟಿ ಮಾತ್ರ ಕೀಳಲಿಲ್ಲ!