ಕಾಕಾನ ಚಿತ್ರ ನೋಡಲು ರಸ್ತೆಗೆ ಇಳಿಯಿರಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಅತಿ ಹೆಚ್ಚು ಜನ ಓದಿದ ಬರಹಗಾರ ಯಾರು ಗೊತ್ತೇ? ನಮ್ಮ ಕಾಕಾ! ನಗಬೇಡಿ. ‘ಇಲ್ಲಿ ಉಗುಳಬಾರದು’ ಅವನದೇ. ‘ಮುಂದೆ ಶಾಲೆ ಇದೆ, ನಿಧಾನವಾಗಿ ಚಲಿಸಿ’ ಅವನದೇ. ತಡಸದ ಕ್ರಾಸಿನಿಂದ ತಿಳವಳ್ಳಿಯ ಬಸ್‌ಸ್ಟ್ಯಾಂಡಿನ ತನಕ ಹಿಟ್ಟಿನ ಗಿರಣಿ, ಕಟಿಂಗ್ ಶಾಪು, ಗೊಬ್ಬರದ ಅಂಗಡಿ, ಖಾನಾವಳಿ, ಟ್ರ್ಯಾಕ್ಟರಿನ ಟ್ರೇಲರು, ಎಲ್ಲಿ ನೋಡಿದರೂ ಕೆಂಪು ಅಕ್ಷರ, ಹಳದಿ ನೆರಳು, ಮೂಲೆಯಲ್ಲಿ ಸಣ್ಣದಾಗಿ ಅವನ ಸಹಿ. ಓದಿದವರು ಯಾರೂ ಅದರಂತೆ ನಡೆಯಲಿಲ್ಲ ಎನ್ನುವುದು ಬೇರೆ ಮಾತು. ಉಗುಳಬಾರದು ಎಂದು ಬರೆದ ಗೋಡೆಗೇ ಜನ ಗುರಿಯಿಟ್ಟು ಉಗುಳಿದರು. ದೊಡ್ಡ ಲೇಖಕರ ಗತಿಯೆಲ್ಲ ಹೀಗೇ ಎಂದು ನಾನು ಅವನಿಗೆ ಸಮಾಧಾನ ಹೇಳುತ್ತಿದ್ದೆ.

ಫ್ಲೆಕ್ಸ್ ಬಂತು. ಮೊಣಕಾಲು ನೋವೂ ಬಂತು. ನಿಚ್ಚಣಿಕೆ ಹತ್ತಬಾರದು ಎಂದು ಡಾಕ್ಟರು ಹೇಳಿದ ದಿನವೇ ಕಾಕಾ ಮನೆಯ ಕಟ್ಟೆಯ ಮೇಲೆ ಕುಳಿತು ನಿವೃತ್ತಿ ಘೋಷಿಸಿದ. ಕೇಳಲು ಇದ್ದವರು ನಾನು, ಅವನ ಹೆಂಡತಿ ಕಾಕೂ ಮತ್ತು ಎಮ್ಮೆ.

"ಇನ್ನ ಮ್ಯಾಲೆ ಒಂದ ಅಕ್ಷರಾನೂ ಬರಿಯಂಗಿಲ್ಲ. ಬರೇ ಚಿತ್ರ! ಮನ್ಯಾಗ ಸ್ಟುಡಿಯೋ ತಗೀತೇನಿ."

ಎಮ್ಮೆ ಸುಮ್ಮನಿತ್ತು. ಕಾಕೂ ಸುಮ್ಮನಿರಲಿಲ್ಲ. ಏಕೆಂದರೆ ಸ್ಟುಡಿಯೋಕ್ಕೆಂದು ಕಾಕಾ ಗೊತ್ತು ಮಾಡಿದ್ದು ಗೋವಿನಜೋಳದ ಚೀಲಗಳಿದ್ದ ಕೋಣೆಯನ್ನು. ಚೀಲಗಳು ಅಡುಗೆಮನೆಗೆ ಬಂದವು. ರೊಟ್ಟಿ ಬಡಿಯುವವಳ ಹಿಂದೆ ಒಂದು ಚೀಲ, ಮುಂದೆ ಒಂದು ಚೀಲ, ಸಾರಿನ ಗಡಿಗೆ ಇಳಿಸಬೇಕೆಂದರೆ ಅದೂ ಒಂದು ಚೀಲದ ಮೇಲೆ.

"ನನ್ನ ಚೀಲ ಆ ಖೋಲ್ಯಾಗ ಹೋಗೂತನಕ ನಾನೂ ಆ ಖೋಲ್ಯಾಗ ಕಾಲಿಡಂಗಿಲ್ಲ ನೋಡ್ರಿ!" ಎಂದು ಕಾಕೂ ಶಪಥ ಮಾಡಿದಳು. ಕಾಕಾನ ಮುಖ ಸಪ್ಪಗಾಯಿತು. ಚೀಲ ಇಡಲು ಬೇರೆ ಜಾಗವಿರಲಿಲ್ಲ. ಆದರೆ ಕಾಕೂ ಬಂದು ನೋಡಬೇಕು ಎನ್ನುವುದೊಂದೇ ಅವನ ಆಸೆ. ಬೇರೆ ಯಾರು ಹೊಗಳಿದರೂ ಅವನಿಗೆ ಅದು ಉಪ್ಪಿಲ್ಲದ ಉಪ್ಪಿಟ್ಟು.

ಈಗ ಕೇಳಿ, ಊರಿಗೆಲ್ಲ ಬೋರ್ಡು ಬರೆದವನ ಸ್ಟುಡಿಯೋಕ್ಕೇ ಬೋರ್ಡಿಲ್ಲ! ಅಕ್ಷರ ಬರೆಯುವುದಿಲ್ಲ ಎಂದನಲ್ಲ, ಬಾಗಿಲ ಮೇಲೆ ಒಂದು ತಗಡು ಹೊಡೆದು ಅದರ ಮೇಲೆ ದೊಡ್ಡದೊಂದು ಬ್ರಶ್ಶಿನ ಚಿತ್ರ ಬಿಡಿಸಿದ. ಕೆಂಪು ಹಿಡಿಕೆ, ಬಿಳಿ ಕೂದಲು. ಮರುದಿನ ಬೆಳಿಗ್ಗೆ ಗಲ್ಲ ಬಾತುಕೊಂಡ ಗೌಡರೊಬ್ಬರು ಟವೆಲ್ಲು ಒತ್ತಿ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದರು. ಕಾಕಾ ಮೊದಲ ಗಿರಾಕಿ ಬಂದ ಸಂಭ್ರಮದಲ್ಲಿ ಚಹಾ ತರಿಸಿದ.

"ಚಾ ಬ್ಯಾಡ್ರಿ ಡಾಕ್ಟರ್ರ. ಈ ದವಡಿ ಹಲ್ಲ ಕಿತ್ತ ಬಿಡ್ರಿ" ಎಂದರು ಗೌಡರು.

ಅವರ ಹಿಂದೆಯೇ ಬಂದ ಇನ್ನೊಬ್ಬರು "ಹಬ್ಬದೊಳಗ ನಮ್ಮನಿಗೆ ಸುಣ್ಣಾ ಹಚ್ಚಾಕ ಬರ್ತೀರೇನ್ರಿ?" ಎಂದು ಕೇಳಿದರು. ಕಾಕಾ ಗೌಡರನ್ನು ದವಾಖಾನೆಗೆ ಕಳಿಸಿದ. ಎರಡನೆಯವರನ್ನು ಎಲ್ಲಿಗೆ ಕಳಿಸಿದನೋ ಇಲ್ಲಿ ಬರೆಯುವಂತಿಲ್ಲ.

ಮೊದಲ ಚಿತ್ರಕ್ಕೆ ಕುಳಿತ. ಅಭ್ಯಾಸಬಲ ಎನ್ನುವುದು ಸಣ್ಣ ಸಂಗತಿಯೇ? ಸುಣ್ಣದ ಪುಡಿ ಹಚ್ಚಿದ ದಾರ ಎಳೆದು ತಗಡಿನ ಮೇಲೆ ಚಟ್ಟನೆ ಮೇಲೊಂದು ಗೆರೆ ಹೊಡೆದ, ಕೆಳಗೊಂದು ಗೆರೆ ಹೊಡೆದ. ಎರಡೂ ಗೆರೆಗಳ ನಡುವೆ ಎಮ್ಮೆಯನ್ನು ಕೂರಿಸಿದ. ಎಮ್ಮೆಯ ಬೆನ್ನು ಮೇಲಿನ ಗೆರೆ ದಾಟಲಿಲ್ಲ, ಗೊರಸು ಕೆಳಗಿನ ಗೆರೆ ದಾಟಲಿಲ್ಲ. ಅಂಥ ಶಿಸ್ತಿನ ಎಮ್ಮೆಯನ್ನು ನಾನು ನನ್ನ ಜನ್ಮದಲ್ಲೇ ಕಂಡಿಲ್ಲ! ಹಿಂದೆ ಸೂರ್ಯ ಹುಟ್ಟುತ್ತಿದ್ದ. ಆ ಸೂರ್ಯನ ಬಲಗಡೆ, ಸ್ವಲ್ಪ ಕೆಳಗೆ, ದಪ್ಪನೆಯ ಕಪ್ಪು ಪಟ್ಟಿ.

"ಕಾಕಾ, ಇದೇನು?"

"ನೆಳ್ಳು."

"ಸೂರ್ಯಾಗ ನೆಳ್ಳು ಎಲ್ಲಿಂದ ಬಂತೋ ಮಾರಾಯಾ?"

"ಲೇ ತಮ್ಮಾ, ನೆಳ್ಳು ಕೊಡಲಿಲ್ಲಂದ್ರ ಅಂವ ಎದ್ದ ಕಾಣತಾನೇನು? ಬಸ್ಸಿನ್ಯಾಗ ಹೊಂಟಾವ್ರಿಗೆ ಸೂರ್ಯಾ ಅಂತ ಗುರ್ತ ಹತ್ತಬೇಕೋ ಬ್ಯಾಡೋ?"

ನಮ್ಮ ಮನೆಯೊಳಗಿನ ಕೋಣೆಯಲ್ಲಿ ಯಾವ ಬಸ್ಸು ಹೋಗುತ್ತದೆ ಎಂದು ನಾನು ಕೇಳಲಿಲ್ಲ. ಬ್ರಶ್ಶಿನ್ನೂ ಅವನ ಕೈಯಲ್ಲೇ ಇತ್ತು.

ಚಿತ್ರ ಮುಗಿದೊಡನೆ ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದ: "ಏ ಇಕೀನ, ಒಂದ ಹೆಜ್ಜಿ ಒಳಗ ಬಂದ ನೋಡಿ ಹೋಗ!"

"ನಾ ನೋಡಿ ಏನ ಮಾಡ್ಲಿ? ನನಗೇನ ತಿಳೀತೈತಿ ಅದು? ತಿಳದಾವ್ರಿಗೆ ತೋರಸ್ರಿ. ನಿಮ್ಮ ಬಣ್ಣದ ವಾಸನಿ ಹತ್ತಿ ರೊಟ್ಟಿ ಸೈತ ನಾರಾಕತ್ತಾವು!"

ತಿಳಿದವರಿಗೆ ತೋರಿಸುವುದೆಂದರೆ ಪ್ರದರ್ಶನಕ್ಕೆ ಒಯ್ಯಬೇಕು. ಒಯ್ಯಲು ಗಾಡಿ ಬೇಕು. ನನ್ನದು ಪಂಪ್‌ಸೆಟ್ ಸಾಮಾನಿನ ಅಂಗಡಿ. ಪೈಪು ಸಾಗಿಸಲು ಇಟ್ಟ ಒಂದು ಸಣ್ಣ ಗೂಡ್ಸ್ ಗಾಡಿ ಇದೆ. ಹೀಗೆ ನಾನು ಕಲಾಕ್ಷೇತ್ರಕ್ಕೆ ಡ್ರೈವರನಾಗಿ ಪ್ರವೇಶ ಮಾಡಿದೆ.

ಮೊದಲ ಪ್ರದರ್ಶನ ಹಿರೇಕೆರೂರಿನಲ್ಲಿ. ಮಳೆಗಾಲ. ಆಯಿಲ್ ಪೇಂಟು ಒಣಗುವ ಮಾತೇ ಇಲ್ಲ. ಅಂಥದರಲ್ಲಿ ಈ ಪುಣ್ಯಾತ್ಮ ಅಲ್ಲಿ ಹೋದಮೇಲೆ ಎಮ್ಮೆಯ ಕೋಡು ಮಂಕಾಗಿವೆ ಎಂದು ಇನ್ನೊಂದು ಕೈ ಬಣ್ಣ ಎಳೆದ. ಉದ್ಘಾಟನೆಗೆ ಬಂದ ಸಾಹೇಬರು ಹಾಲಿನಂಥ ಬಿಳಿ ಅಂಗಿ ತೊಟ್ಟಿದ್ದರು. ಫೋಟೋದವನು "ಇನ್ನೊಂಚೂರ ಹಿಂದ ಸರೀರಿ ಸರ್, ಇನ್ನೊಂಚೂರ" ಎಂದ. ಸಾಹೇಬರು ಸರಿದರು, ಎಮ್ಮೆಗೆ ಒರಗಿದರು, ನಕ್ಕರು.

"ಅಳ್ಳಾಡಬ್ಯಾಡ್ರೀ ಸಾಹೇಬ್ರ!" ಎಂದು ಕಾಕಾ ಚೀರಿದ. ಅಂಗಿಯ ಚಿಂತೆಯಿಂದ ಅಲ್ಲ. "ಕೋಡು ಒರಸತಾವ್ರೀ!"

ಸಾಹೇಬರು ಬೆದರಿ ಹಾರಿದರು. ಒಂದು ಕೋಡು ಅವರ ಬೆನ್ನಿನ ಮೇಲೆ ಸಂಪೂರ್ಣವಾಗಿ ಮೂಡಿತ್ತು. ಅವರಿಗೆ ಅದನ್ನು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅರ್ಧ ತಾಸು ಭಾಷಣ ಮಾಡಿದರು. ವೇದಿಕೆಯ ಮೇಲೆ ಅವರ ಹಿಂದೆ ಕುಳಿತವರು ಮಾತ್ರ ಕರವಸ್ತ್ರ ಬಾಯಿಗೆ ತುರುಕಿಕೊಂಡಿದ್ದರು. ಮಧ್ಯಾಹ್ನ ಕಾಲೇಜಿನ ಚಿತ್ರಕಲೆಯ ಮೇಷ್ಟ್ರೊಬ್ಬರು ಬಂದು ಎಮ್ಮೆಯ ಮುಂದೆ ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನಿಂತರು. "ಅದ್ಭುತ! ಈ ಒಂಟಿ ಕೋಡು ಇಂದಿನ ಮನುಷ್ಯನ ಅಪೂರ್ಣತೆಯನ್ನು ಎಷ್ಟು ಮಾರ್ಮಿಕವಾಗಿ ಹೇಳುತ್ತದೆ!" ಎಂದರು.

"ಅಪೂರ್ಣ ಅಲ್ರಿ ಸರ್" ಎಂದ ಕಾಕಾ ವಿನಯದಿಂದ. "ಇನ್ನೊಂದು ಸಾಹೇಬ್ರ ಬೆನ್ನ ಮ್ಯಾಲೆ ಹೋಗೇತಿ."

ಮನೆಗೆ ಒಂದು ಶಾಲು ಬಂತು. ಕಾಕಾ ಅದನ್ನು ಕಾಕೂನ ಮುಂದೆ ಹಿಡಿದ. ಕಾಕೂ ಶಾಲನ್ನು ಹಿಂದೆ ಮುಂದೆ ತಿರುವಿ ನೋಡಿ, ಚಳಿಗೆ ಆಗುತ್ತದೆ ಎಂದು ಮಡಚಿ ಇಟ್ಟಳು. ಚಿತ್ರದ ಸುದ್ದಿ ಎತ್ತಲಿಲ್ಲ. ಶಾಲು ಬಂದ ಖುಷಿ ಅಲ್ಲಿಗೇ ಇಳಿಯಿತು.

ಎರಡನೆಯ ಪ್ರದರ್ಶನ ಶಿಗ್ಗಾಂವಿಯಲ್ಲಿ, ಒಂದು ಶಾಲೆಯ ಹಾಲಿನಲ್ಲಿ. ಅಲ್ಲಿ ಜಗಳ ಶುರುವಾದದ್ದು ಚಿತ್ರದ ಹೆಸರಿನಿಂದ. ಪ್ರತಿ ಚಿತ್ರದ ಕೆಳಗೂ ಹೆಸರಿನ ಒಂದು ಚೀಟಿ ಅಂಟಿಸುವುದು ಅಲ್ಲಿಯ ಸಂಘಟಕರ ಪದ್ಧತಿ.

"ನಿಮ್ಮ ಚಿತ್ರಕ್ಕ ಏನ ಹೆಸರ ಬರೀಲ್ರಿ?"

"ಏನೂ ಬ್ಯಾಡ್ರಿ."

"ಏನೂ ಇಲ್ಲಂದ್ರ ನೋಡಾವ್ರಿಗೆ ಹೆಂಗ ತಿಳೀಬೇಕ್ರಿ?"

"ಎಮ್ಮಿ ಕೆಳಗ ಎಮ್ಮಿ ಅಂತ ಬರದ್ರ ತಿಳೀತೈತೇನ್ರಿ? ಓದಿ ತಿಳಕೊಳ್ಳೂದಾದ್ರ ನಾ ಬೋರ್ಡನ ಬರೀತಿದ್ನೆಲ್ರಿ!"

ಅವರು ಚೀಟಿ ಅಂಟಿಸುವುದು, ಇವನು ಕಿತ್ತು ಕಿಸೆಗೆ ಹಾಕಿಕೊಳ್ಳುವುದು. ಕೊನೆಗೆ ಅವರೇ ಬೇಸತ್ತು ಕೈಬಿಟ್ಟರು. ಆಮೇಲೆ ಜನ ಬರತೊಡಗಿದರು. ಬಂದವರು ಎಲ್ಲ ಕಡೆಯಂತೆ ಚಿತ್ರದ ಹತ್ತಿರ ಹೋಗಿ ಮೂಗು ತಾಗಿಸಿ ನೋಡುವವರೇ. ಕಾಕಾನಿಗೆ ಅದು ಸಹನವಾಗಲಿಲ್ಲ. ಅವನ ಲೆಕ್ಕದಲ್ಲಿ ಯಾವುದೇ ಬರಹವಿರಲಿ ಚಿತ್ರವಿರಲಿ, ಓಡುವ ಬಸ್ಸಿನ ಕಿಡಕಿಯಿಂದ ಕಂಡರೆ ಮಾತ್ರ ಕಂಡಂತೆ.

"ಹಿಂದ ಬರ್ರಿ. ಇನ್ನೊಂಚೂರ. ಹೊಸ್ತಲಾ ನೋಡ್ಕೊಂಡ ದಾಟ್ರಿ. ಗಟಾರ ಐತಿ, ಹುಷಾರು. ಹಾಂ, ಈಗ ರೋಡ ದಾಟ್ರಿ!"

ಮಹಿಳಾ ಮಂಡಳದವರು, ನಿವೃತ್ತ ತಹಶೀಲ್ದಾರರು, ಮಗುವನ್ನು ಎತ್ತಿಕೊಂಡ ತಾಯಿ, ಎಲ್ಲರನ್ನೂ ಹಿಂದಡಿ ಇಡಿಸುತ್ತ ರಸ್ತೆಗೆ ಇಳಿಸಿದ. ಎದುರಿಗೆ ಚಹಾದಂಗಡಿ. ನಿಂತವರು ಕುಳಿತರು, ಕುಳಿತವರು ಮಿರ್ಚಿ ಭಜಿ ಹೇಳಿದರು. ಸಂಘಟಕರು ಒಳಗಿನಿಂದ ಬಂದು ನೋಡಿದರೆ ಹಾಲಿನಲ್ಲಿ ನರಪಿಳ್ಳೆ ಇಲ್ಲ! ಇಡೀ ಪ್ರೇಕ್ಷಕವರ್ಗ ಮಿರ್ಚಿ ಕಚ್ಚುತ್ತ ದೂರದಿಂದ ಕಲಾಸ್ವಾದನೆ ಮಾಡುತ್ತಿದೆ. ನಡುವೆ ಲಾರಿ ಹೋದಾಗ ಮಾತ್ರ ಸ್ವಲ್ಪ ಮರೆಯಾಗುತ್ತಿತ್ತು. ಪ್ರತಿ ವರ್ಷ ಇಂಥದೊಂದು ಇಡಿ ಎಂದು ಚಹಾದಂಗಡಿಯವನು ಕೈಮುಗಿದ.

ವಾಪಸು ಬರುವಾಗ ಗಾಡಿಯಲ್ಲಿ ನಾವಿಬ್ಬರೇ. ಕಾಕಾನ ಕಿಸೆಯಲ್ಲಿ ಕಿತ್ತ ಚೀಟಿಗಳು ಸರಸರ ಎನ್ನುತ್ತಿದ್ದವು. ನನಗೆ ರೇಗಿತ್ತು.

"ಒಂದ ಸಣ್ಣ ಚೀಟಿ ಹಚ್ಚಿದ್ರ ನಿನ್ನ ಗಂಟ ಏನ ಹೋಗತಿತ್ತೋ ಕಾಕಾ? ಜೀವಮಾನ ಎಲ್ಲಾ ಅಕ್ಷರದ ಮ್ಯಾಲೆ ಉಂಡಾಂವ ನೀ. ಈಗ ಅಕ್ಷರ ಕಂಡ್ರ ಮೈ ಮ್ಯಾಲೆ ಬಂದಾವ್ರಂಗ ಮಾಡ್ತಿ!"

ಕಾಕಾ ಕಿಡಕಿಯ ಕಡೆ ತಿರುಗಿದ. ಆಮೇಲೆ ಹೇಳಿದ:

"ಮದವಿ ಆದ ಹೊಸದಾಗ ನಿಮ್ಮ ಕಾಕೂನ್ನ ಬಸ್ಸಿನ್ಯಾಗ ತಿಳವಳ್ಳಿಗೆ ಕರಕೊಂಡ ಹೋಗಿದ್ದೆ. ಅಕಿಗೆ ಕಿಡಕಿ ಸೀಟು. ದಾರೀ ತುಂಬ ನನ್ನ ಬೋರ್ಡು. ಇದು ನಂದು, ಅದು ನಂದು ಅಂತ ತೋರಿಸ್ಕೋತ ಹೊಂಟೆ. ‘ಬಣ್ಣ ಚಲೋ ಅದಾವ್ರಿ’ ಅಂದ್ಲು. ಏನ ಬರದೇನಿ ಓದ ನೋಡೂಣು ಅಂದೆ. ತಲಿ ಕೆಳಗ ಹಾಕಿ ಸೆರಗ ಸುತಗೊಂತ ಕುಂತ್ಲು. ಆಮ್ಯಾಲೆ ಊರ ಬರೂತನಕ ಕಿಡಕಿ ಕಡೆ ನೋಡಲಿಲ್ಲ. ಕಲಸ್ತೇನಿ ಅಂದ್ರ ನಾಚಿ ಒಲ್ಲೆ ಅಂದ್ಲು. ನನಗ ಬ್ಯಾರೇ ಕೆಲಸಾ ಬರತಿರಲಿಲ್ಲ ತಮ್ಮಾ. ಅದನ್ನ ಮಾಡಿದೆ. ಊರ ಮಂದೆಲ್ಲಾ ಓದಿದ್ರು. ಈಗರೆ ಅಕಿಗೆ ತಿಳಿಯೂ ಹಂಗ ಒಂದೀಟು ಮಾಡೂಣು ಅಂತ. ಅದರ ಬುಡಕ ಮತ್ತ ಅಕ್ಷರ ಹಚ್ಚಿದ್ರ, ಅದೂ ನನಗಲ್ಲ ಅಂತ ಅಕಿ ಹೊಳ್ಳಿ ಹೋಗತಾಳ."

ಕಾಕೂಗೆ ಓದಲು ಬಾರದು ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ‘ನನಗೇನ ತಿಳೀತೈತಿ’ ಎಂದು ಅವಳು ಯಾಕೆ ಅನ್ನುತ್ತಾಳೆ ಎಂದು ಯೋಚಿಸಿದವನು ಕಾಕಾ ಒಬ್ಬನೇ.

ಸವಣೂರಿನ ಪ್ರದರ್ಶನ ಬರುವ ಹೊತ್ತಿಗೆ ಎಮ್ಮೆಯ ಜೊತೆಗೆ ಇನ್ನೂ ನಾಲ್ಕೈದು ಚಿತ್ರಗಳಾಗಿದ್ದವು. ಈ ಸಲ ನಾನೇ ಅಡುಗೆಮನೆಗೆ ಹೋಗಿ ಚೀಲಗಳ ನಡುವೆ ಜಾಗ ಮಾಡಿಕೊಂಡು ಕುಳಿತೆ. "ಕಾಕೂ, ಈ ಸಲ ನೀನೂ ಬಾ."

"ನಾ ಬಂದ ಏನ ಮಾಡ್ಲೋ? ನನಗೇನ ತಿಳೀತೈತಿ?"

"ತಿಳೀಲಿಲ್ಲಂದ್ರ ಬಿಡು, ಸವಣೂರ ಖಾರಾ ತಗೊಂಡ ಬರೂಣು, ಚಾದ ಜೋಡಿ ತಿನ್ನಾಕ. ನಿನಗ ಹ್ಯಾಂಗೂ ಬಸ್ ಫ್ರೀ ಐತಿ."

ಚಿತ್ರಕಲೆಗೆ ಕರಗದವಳು ಖಾರಾಕ್ಕೆ ಕರಗಿದಳು! ಫ್ರೀ ಬಸ್ಸು ಬಿಟ್ಟು ಪೈಪಿನ ಗಾಡಿ ಹತ್ತಲು ತಾನೇನು ಪೈಪೇ ಎಂದು ಕೇಳಿ ಬಸ್ಸಿಗೇ ಬಂದಳು. ಮೊದಲು ಅಂಗಡಿಗೆ ಹೋಗಿ ಖಾರಾ ಕಟ್ಟಿಸಿಕೊಂಡಳು. ಆಮೇಲೆ ಹಾಲಿಗೆ ಬಂದು ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ, ಬಸ್ಸಿಗೆ ಕಾಯುವವಳಂತೆ ಕುಳಿತಳು. ಅಲ್ಲಿ ಬೇರೆಯವರ ಚಿತ್ರಗಳ ಕೆಳಗೆಲ್ಲ ಚೀಟಿಗಳಿದ್ದವು. ಅವಳು ಅವುಗಳ ಕಡೆ ನೋಡಲಿಲ್ಲ. ಕಾಕಾ ಒರೆಸಿದ ತಗಡನ್ನೇ ಮತ್ತೆ ಮತ್ತೆ ಒರೆಸುತ್ತ, ಹಿಂದಕ್ಕೆ ಸರಿಯಿರಿ ಎಂದು ಒಬ್ಬರಿಗೂ ಹೇಳದೆ, ಬೆವರುತ್ತ ನಿಂತಿದ್ದ. ಅವಳು ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಿಬಿಟ್ಟರೆ ಮುಗಿಯಿತು, ಇವನು ಇನ್ನು ಬ್ರಶ್ಶು ಹಿಡಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಕಾಕೂ ಎದ್ದಳು. ಖಾರಾದ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟಳು. ಕಾಕಾನ ಚಿತ್ರಗಳ ಸಾಲಿನ ಎಡ ತುದಿಗೆ ಹೋಗಿ ನಿಂತು ಬೆರಳು ಎತ್ತಿದಳು.

"ಇದು ನಮ್ಮ ಎಮ್ಮಿ" ಎಂದಳು ಮೆಲ್ಲಗೆ. ಒಂದು ಹೆಜ್ಜೆ ಸರಿದಳು. "ಇದು ಹಿರೇಬೆಂಡಿಗೇರಿ. ನಮ್ಮಪ್ಪನ ಮನಿ ಮುಂದಿನ ಬಾಂವಿ." ದನಿ ಸ್ವಲ್ಪ ಗಟ್ಟಿಯಾಯಿತು. "ಇದು ಬಸ್ಸು. ಕಿಡಕ್ಯಾಗ ಕುಂತಾಕಿ ನಾ. ಅಂದು ಇದ ಹಸರ ಸೀರಿ ಉಟ್ಟಿದ್ದೆ. ಇದು ನೀವು, ನಿಚ್ಚಣಿಕಿ ಮ್ಯಾಲೆ. ಕೆಳಗ ನಿಚ್ಚಣಿಕಿ ಹಿಡದ ನಿಂತಾಕಿ ನಾ. ಇದು ನನ್ನ ಒಲಿ. ಇವು ನನ್ನ ಚೀಲ."

ಬೆರಳು ಎಡದಿಂದ ಬಲಕ್ಕೆ, ಒಂದನ್ನೂ ಬಿಡದೆ ಸಾಗಿತು. ಜನ ತಾವಾಗಿಯೇ ಸರಿದು ದಾರಿ ಮಾಡಿದರು. ಗಾಡಿಯಲ್ಲಿ ಹೇರಿ ಇಳಿಸಿದ ನನಗೇ ಈ ಚಿತ್ರಗಳೆಲ್ಲ ಅವಳದೇ ಬದುಕು ಎಂದು ಹೊಳೆದಿರಲಿಲ್ಲ. ಅವಳು ಕೊನೆಯ ಚಿತ್ರದ ಮುಂದೆ ನಿಂತು, ತಿರುಗಿ, ಕಾಕಾನನ್ನು ನೋಡಿ ಹೊಸ ಮದುಮಗಳಂತೆ ನಕ್ಕಳು.

"ಎಲ್ಲಾ ತಿಳೀತು ನೋಡ್ರಿ ನನಗ."

ಕಾಕಾ ಅವಳ ಹಿಂದೆಯೇ, ಅವಳ ಮಾತಿಗೆ ತುಟಿ ಅಲ್ಲಾಡಿಸುತ್ತ, ಆ ತುದಿಯ ತನಕ ಬಂದಿದ್ದ. ಬಣ್ಣ ಮೆತ್ತಿದ ಅಂಗೈಯಿಂದಲೇ ಕಣ್ಣು ಒರೆಸಿಕೊಂಡ. ಮುಖಕ್ಕೆಲ್ಲ ಹಸಿರು ಹತ್ತಿತು. ಒಂದು ಸಲ ಕೆಮ್ಮಿ ದನಿ ಸರಿಮಾಡಿಕೊಂಡು ಹೇಳಿದ:

"ಇನ್ನೊಮ್ಮೆ ಓದು. ಮೊದಲಿಂದ."